ಗಿಟ್‌ಹಬ್, ಗಿಟ್‌ಲ್ಯಾಬ್, ಕೋಡ್‌ಬರ್ಗ್: ವಿದ್ಯಾರ್ಥಿಗಳ ತಂಡಕ್ಕೆ ಯಾವುದು?

ಕನ್ನಡ ಪದಪರೀಕ್ಷಕವೊಂದನ್ನು ಮುಕ್ತ ತಂತ್ರಾಂಶವಾಗಿ ಕಟ್ಟುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ರೆಪೊಸಿಟರಿ (ಕೋಡ್ ಮತ್ತು ಅದರ ಬದಲಾವಣೆಗಳ ಇತಿಹಾಸವನ್ನು ಇಡುವ ಸಂಗ್ರಹ, ಚಿಕ್ಕದಾಗಿ ರೆಪೊ) ಸಿದ್ಧಪಡಿಸುವಾಗ, ಅದೇ ಕೋಡನ್ನು ಇಂಥ ಸಂಗ್ರಹಗಳಿಗೆ ಜಾಗ ಕೊಡುವ ಜಾಲತಾಣಗಳಾದ ಗಿಟ್‌ಹಬ್, ಗಿಟ್‌ಲ್ಯಾಬ್ ಮತ್ತು ಕೋಡ್‌ಬರ್ಗ್ ಮೂರರಲ್ಲೂ ಇಟ್ಟು ನೋಡಿದೆ. ಮೂರೂ ಕೋಡಿನ ಬದಲಾವಣೆಗಳ ದಾಖಲೆಯಿಡುವ ಗಿಟ್ ತಂತ್ರಾಂಶವನ್ನೇ ಆಧರಿಸಿರುವುದರಿಂದ ಕ್ಲೋನ್ (ನಕಲು ಇಳಿಸಿಕೊಳ್ಳುವುದು), ಕಮಿಟ್ (ಬದಲಾವಣೆ ದಾಖಲಿಸುವುದು), ಪುಶ್ (ಅದನ್ನು ತಾಣಕ್ಕೆ ಕಳಿಸುವುದು) ಇವುಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ‘ಪದಪಟ್ಟಿ’ ಎಂದು ಕನ್ನಡದಲ್ಲೇ ಹೆಸರಿಟ್ಟ ಕಡತವು, ಬದಲಾದ ಕಡತಗಳನ್ನು ಪಟ್ಟಿಮಾಡುವ ಗಿಟ್ ಸ್ಟೇಟಸ್ ಆದೇಶದಲ್ಲಿ 340, 262, 252 ಎಂಬಂಥ ಅಂಕಿಗಳ ಸಾಲಾಗಿ ಕಾಣುವುದೂ ಗಿಟ್‌ನದೇ ಗುಣ. ಕೋರ್ ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಅಕ್ಷರಗಳು ಮರಳುತ್ತವೆ.

ನಿಜವಾದ ವ್ಯತ್ಯಾಸವಿರುವುದು ಯಾರಿಗೆ ಎಷ್ಟು ಅಧಿಕಾರ ಎಂಬಲ್ಲಿ. ಪ್ರತಿ ವರ್ಷ ಹಿರಿಯರು ಹೊರಟು ಕಿರಿಯರು ಸೇರುವ ತಂಡಕ್ಕೆ ಇದಕ್ಕಿಂತ ಮುಖ್ಯವಾದದ್ದು ಇಲ್ಲವೆಂದೇ ನನ್ನ ಅಭಿಪ್ರಾಯ. ಗಿಟ್‌ಹಬ್‌ನಲ್ಲಿ ವೈಯಕ್ತಿಕ ಖಾತೆಯಡಿ ರೆಪೊ ತೆರೆದರೆ ಮಾಲೀಕ ಒಬ್ಬನೇ ಆಗುತ್ತಾನೆ. ಅವನು ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ ಒಂದು ಸೆಟ್ಟಿಂಗ್ ಬದಲಿಸಲೂ ಅವನನ್ನೇ ಹುಡುಕಬೇಕಾಗುತ್ತದೆ. ಉಚಿತವಾಗಿ ಸಿಗುವ ಆರ್ಗನೈಸೇಶನ್ ಖಾತೆಯಲ್ಲಾದರೆ ಒಬ್ಬರಿಗಿಂತ ಹೆಚ್ಚು ಓನರ್‌ಗಳಿರಬಹುದು, ರೀಡ್‌ನಿಂದ ಅಡ್ಮಿನ್‌ವರೆಗೆ ಐದು ಹಂತಗಳ ಅನುಮತಿಯನ್ನೂ ಹಂಚಬಹುದು. ಆದರೆ ಹೊಸ ರೆಪೊದ ಮೇನ್ ಬ್ರಾಂಚ್‌ಗೆ, ಅಂದರೆ ಕೋಡಿನ ಮುಖ್ಯ ಪ್ರತಿಗೆ, ಯಾರೂ ನೇರವಾಗಿ ಬದಲಿಸದಂತೆ ತಾನಾಗಿ ರಕ್ಷಣೆ ದೊರೆಯುವುದಿಲ್ಲ. ನಾವೇ ನಿಯಮ ಹಾಕಬೇಕು, ಅದೂ ಉಚಿತ ಯೋಜನೆಯಲ್ಲಿ ಸಾರ್ವಜನಿಕ ರೆಪೊಗಳಿಗೆ ಮಾತ್ರ ಸಾಧ್ಯ.

ಗಿಟ್‌ಲ್ಯಾಬ್ ಈ ವಿಷಯದಲ್ಲಿ ಮುಂದಿದೆ. ಅಲ್ಲಿ ಮೇನ್ ಬ್ರಾಂಚ್ ಮೊದಲಿನಿಂದಲೇ ರಕ್ಷಿತವಾಗಿರುವುದರಿಂದ ಡೆವಲಪರ್ ಹಂತದಲ್ಲಿರುವ ಹೊಸಬರು ಮರ್ಜ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಮೂಲಕವೇ ಬರಬೇಕಾಗುತ್ತದೆ. ಆದರೆ ಸ್ವಯಂಚಾಲಿತ ಪರೀಕ್ಷೆಗಳಿಗೆ ಉಚಿತ ಯೋಜನೆಯಲ್ಲಿ ತಿಂಗಳಿಗೆ 400 ನಿಮಿಷಗಳ ಮಿತಿಯಿದೆ. ಗಿಟ್‌ಹಬ್‌ನ ಸಾಮಾನ್ಯ ರನ್ನರ್‌ಗಳು (ಈ ಪರೀಕ್ಷೆಗಳನ್ನು ಓಡಿಸುವ ಯಂತ್ರಗಳು) ಸಾರ್ವಜನಿಕ ರೆಪೊಗಳಿಗೆ ಉಚಿತ. ಪ್ರತಿ ಪುಶ್‌ಗೂ ಇಡೀ ಪದಪಟ್ಟಿಯನ್ನು ಪರೀಕ್ಷಿಸುವ ತಂಡಕ್ಕೆ ಇದು ಸಣ್ಣ ವಿಷಯವಲ್ಲ.

ಬರ್ಲಿನ್‌ನ ಲಾಭರಹಿತ ಸಂಘವೊಂದು ಫೋರ್ಜೆಯೊ ತಂತ್ರಾಂಶದ ಮೇಲೆ ನಡೆಸುವ ಕೋಡ್‌ಬರ್ಗ್ ಹಗುರವಾಗಿದೆ, ಗದ್ದಲವಿಲ್ಲದೆ ಹಿತವಾಗಿದೆ. ಮುಕ್ತ ಲೈಸೆನ್ಸ್ ಇರುವ ಕೆಲಸಕ್ಕೇ ಅದು ಮೀಸಲಾಗಿರುವುದರಿಂದ, ವಿದ್ಯಾರ್ಥಿಗಳು ಸಾಮಾನ್ಯವಾಗಿ ಮುಂದೂಡುವ ಲೈಸೆನ್ಸ್ ಪ್ರಶ್ನೆಯನ್ನು ಮೊದಲೇ ಬಗೆಹರಿಸಿಕೊಳ್ಳಬೇಕಾಗುತ್ತದೆ. ಲೈಸೆನ್ಸ್ ಇಲ್ಲದ ಕೋಡ್ ಎಲ್ಲರಿಗೂ ಕಾಣುವಂತಿದ್ದರೂ ಮುಕ್ತ ತಂತ್ರಾಂಶವಾಗುವುದಿಲ್ಲ.

ನಾನು ಈ ತಂಡಕ್ಕೆ ಆರಿಸಿದ್ದು ಗಿಟ್‌ಹಬ್‌ನ ಆರ್ಗನೈಸೇಶನ್ ಖಾತೆಯನ್ನು. ಬಹುತೇಕ ವಿದ್ಯಾರ್ಥಿಗಳಿಗೆ ಅಲ್ಲಿ ಆಗಲೇ ಖಾತೆಯಿತ್ತು. ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿ ಮತ್ತು ಒಬ್ಬ ಅಧ್ಯಾಪಕರನ್ನು ಓನರ್ ಮಾಡಿ, ಒಬ್ಬರಾದರೂ ಒಪ್ಪದೆ ಮೇನ್‌ಗೆ ಏನೂ ಸೇರದಂತೆ ಮೊದಲ ದಿನವೇ ನಿಯಮ ಹಾಕಿಸಿದೆ.