ಹಳೇ ಬೊಲೆರೊ ಡಿಐ ಫೋರ್ ವೀಲ್ ಗಾಡಿಗೆ ಕಂಪನಿ ಆಯಿಲ್ ಫಿಲ್ಟರ್, ಧೈರ್ಯವಾಗಿ ತಗೊಳ್ಳಿ

ನಮ್ಮನೇಲಿ ಇರೋದು ಹಳೇ ಬೊಲೆರೊ ಡಿಐ (ಡೈರೆಕ್ಟ್ ಇಂಜೆಕ್ಷನ್ ಡೀಸೆಲ್), ಫೋರ್ ವೀಲ್ ಡ್ರೈವ್ ಇರೋದು, ಮೂಡಿಗೆರೆ ಕಡೆ ತೋಟದ ಕೆಲ್ಸಕ್ಕೇ ಓಡೋ ಗಾಡಿ. ಗೊಬ್ಬರ, ಕಾಫಿ ಮೂಟೆ, ಕೆಲ್ಸದೋರು, ಮಳೆಗಾಲದಲ್ಲಿ ಲೋ ಗೇರ್ ಹಾಕ್ಕೊಂಡು ಕೆಸರು ಹತ್ತೋದು ಎಲ್ಲಾ ಇದ್ರಲ್ಲೇ. ಇದಕ್ಕೆ ಮಹೀಂದ್ರ ಡಬ್ಬಿಲೇ ಬರೋ ಆಯಿಲ್ ಫಿಲ್ಟರ್ ಹಾಕ್ತಾ ಬಂದಿದೀವಿ, ಮಧ್ಯ ಒಂದ್ಸಲ ಒಂದು ಗ್ಯಾರೇಜ್‌ನೋರು ಹೆಸ್ರೇ ಇಲ್ಲದ ಯಾವ್ದೋ ಫಿಲ್ಟರ್ ಹಾಕಿ ಕಳಿಸಿದ್ರು, ಆಗ್ಲೇ ನೋಡಿ ಎರಡಕ್ಕೂ ಇರೋ ವ್ಯತ್ಯಾಸ ಚೆನ್ನಾಗಿ ಗೊತ್ತಾಗಿದ್ದು.

ಆ ಫಿಲ್ಟರ್ ಇದ್ದಷ್ಟು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಆಯಿಲ್ ಲೈಟ್ ತಕ್ಷಣ ಆರ್ತಾನೇ ಇರ್ಲಿಲ್ಲ, ಇಂಜಿನ್ನೂ ಸ್ವಲ್ಪ ಹೊತ್ತು ಕಟಕಟ ಅಂತಿತ್ತು, ಆಮೇಲೆ ಸರಿ ಹೋಗೋದು. ಗಾಡಿಗೆ ವಯಸ್ಸಾಯ್ತು ಬಿಡಿ ಅಂದವರೇ ಜಾಸ್ತಿ. ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ ಕಣ್ರೀ. ಫಿಲ್ಟರ್ ಒಳಗೆ, ಬಾಯಿ ಹತ್ರ, ತೆಳ್ಳಗೆ ಒಂದು ರಬ್ಬರ್ ವಾಲ್ವ್ ಇರುತ್ತೆ, ಇಂಜಿನ್ ಆಫ್ ಮಾಡಿದ್ಮೇಲೆ ಫಿಲ್ಟರಲ್ಲಿರೋ ಆಯಿಲ್ ವಾಪಸ್ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ ಇಳೀದೆ ಇರ್ಲಿ ಅಂತ ಅದನ್ನ ಇಟ್ಟಿರ್ತಾರೆ. ಅದು ಗಟ್ಟಿಯಾಗಿದ್ರೆ, ಇಲ್ಲಾ ಸರಿಯಾಗಿ ಕೂತಿಲ್ದೆ ಇದ್ರೆ, ರಾತ್ರಿಯೆಲ್ಲಾ ಆಯಿಲ್ ಇಳಿದು ಫಿಲ್ಟರ್ ಖಾಲಿ ಆಗಿರುತ್ತೆ. ಬೆಳಿಗ್ಗೆ ಪಂಪು ಮೊದ್ಲು ಅದನ್ನ ತುಂಬಿ ಆಮೇಲೆ ಬೇರಿಂಗಿಗೆ ಆಯಿಲ್ ಕೊಡ್ಬೇಕು, ಅಲ್ಲೀವರೆಗೆ ಕ್ರ್ಯಾಂಕ್ ಒಣಗೇ ತಿರುಗ್ತಾ ಇರುತ್ತೆ. ಕಂಪನಿ ಫಿಲ್ಟರ್ ವಾಪಸ್ ಹಾಕಿದ ಮಾರನೇ ಬೆಳಿಗ್ಗೆನೇ ಲೈಟು ಬೇಗ ಆರೋಕೆ ಶುರುವಾಯ್ತು, ಸದ್ದೂ ನಿಂತ್ಹೋಯ್ತು.

ತೆಗೆದ ಎರಡೂ ಫಿಲ್ಟರ್ ಕತ್ತರಿಸಿ ನೋಡಿದೆ. ಕಂಪನಿದ್ರಲ್ಲಿ ಪೇಪರ್ ಮಡಿಕೆ ಒತ್ತೊತ್ತಾಗಿ, ಒಂದೇ ಸಮ ಇತ್ತು, ರಬ್ಬರ್ ಮೆತ್ತಗೇ ಇತ್ತು. ಇನ್ನೊಂದ್ರಲ್ಲಿ ಮಡಿಕೆ ಒಂದು ಕಡೆ ಗುಂಪು, ಇನ್ನೊಂದು ಕಡೆ ಬಾಯಿ ಬಿಟ್ಕೊಂಡಿತ್ತು, ರಬ್ಬರ್ ಅಂತೂ ಒಣಗಿದ ಹಲಸಿನೆಲೆ ಥರ ಆಗಿತ್ತು. ನೀವೂ ಕತ್ತರಿಸಿ ನೋಡೋದಾದ್ರೆ ಒಂದು ಮಾತು, ಹ್ಯಾಕ್ಸಾ ಹಾಕಿದ್ರೆ ಅದರ ಕಬ್ಬಿಣದ ಪುಡಿನೇ ಒಳಗೆ ಬೀಳುತ್ತೆ, ಅದನ್ನ ನೋಡಿ ಬೇರಿಂಗ್ ಹೋಯ್ತು ಅಂತ ಗಾಬರಿ ಆಗ್ಬೇಡಿ.

ತಗೊಳ್ಳೋವಾಗ ಬರೀ ಬೊಲೆರೊ ಫಿಲ್ಟರ್ ಕೊಡಿ ಅಂದ್ರೆ ಆಗಲ್ಲ. ಬೊಲೆರೊ ಹೆಸ್ರಲ್ಲೇ ಬೇರೆ ಬೇರೆ ಇಂಜಿನ್ ಬಂದಿವೆ. 2000ರಲ್ಲಿ ಗಾಡಿ ಬಂದಾಗ ಇದ್ದಿದ್ದು ಫ್ರಾನ್ಸಿನ ಪೂಜೋ ಕಂಪನಿ ಮೂಲದ 2498 ಸಿಸಿ ಇಂಜಿನ್, ಡಿಐ ಅನ್ನೋದು 2523 ಸಿಸಿ, 2011ರಲ್ಲಿ ಬಂದ ಕಾಮನ್ ರೈಲ್ (ಹೊಸ ಥರದ ಡೀಸೆಲ್ ಇಂಜೆಕ್ಷನ್) ಇಂಜಿನ್ ಕೂಡ 2523ನೇ, 2016ರ ಪವರ್ ಪ್ಲಸ್ 1493. ಸಿಸಿ ಹೇಳಿದ್ರೂ ಗೊಂದಲ ಆಗ್ಬಹುದು ಅಂತ ಇಷ್ಟೆಲ್ಲಾ ಹೇಳಿದ್ದು. ಹಳೇ ಫಿಲ್ಟರ್ ಮೇಲಿರೋ ಪಾರ್ಟ್ ನಂಬರ್ ಫೋಟೋ ಹೊಡ್ಕೊಂಡು, ಆರ್‌ಸಿನೂ ಜೇಬಲ್ಲಿ ಇಟ್ಕೊಂಡು ಹೋಗಿ. ನಮ್ಮ ಡಿಐ ಇಂಜಿನ್ ಮೂಲ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಡೇದು, ಬೋರ್ (ಸಿಲಿಂಡರ್ ಅಗಲ) 88.9 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 101.6, ಅಂದ್ರೆ ಸರಿಯಾಗಿ ಮೂರೂವರೆ ಇಂಚು, ನಾಲ್ಕು ಇಂಚು. ನಿಧಾನಕ್ಕೆ ದುಡಿಯೋಕೇ ಹುಟ್ಟಿರೋ ಇಂಜಿನ್, ನನಗೆ ಅದ್ರ ಮೇಲೆ ತುಂಬಾ ಪ್ರೀತಿ.

ಹಾಕೋದು ಮನೇಲೇ ಆಗುತ್ತೆ. ಗಾಡಿ ಸ್ವಲ್ಪ ಓಡಿಸಿ ಆಯಿಲ್ ಬೆಚ್ಚಗೆ ಮಾಡ್ಕೊಳ್ಳಿ, ಸಮ ಜಾಗದಲ್ಲಿ ನಿಲ್ಸಿ ಚಕ್ರಕ್ಕೆ ಕಲ್ಲು ಕೊಡಿ, ಡ್ರೈನ್ ಬೋಲ್ಟ್ ಬಿಚ್ಚಿ ಪೂರ್ತಿ ಇಳಿಯೋಕೆ ಬಿಡಿ, ಬೋಲ್ಟ್ ವಾಪಸ್ ಟೈಟ್ ಮಾಡಿ, ಆಮೇಲೆ ಫಿಲ್ಟರ್. ಕೈಗೆ ಬರ್ಲಿಲ್ಲ ಅಂದ್ರೆ ಬೆಲ್ಟ್ ಪಾನಾ ಹಾಕಿ. ಸ್ಕ್ರೂ ಡ್ರೈವರ್ ಚುಚ್ಚಿ ತಿರುಗಿಸೋ ಅಭ್ಯಾಸ ನಮ್ಕಡೆ ಜಾಸ್ತಿ, ತಗಡು ಹರಿದ್ರೆ ಬುಡ ಮಾತ್ರ ಇಂಜಿನ್ನಲ್ಲೇ ಉಳ್ಕೊಳ್ಳುತ್ತೆ, ಅದನ್ನ ಬಿಚ್ಚೋದು ದೊಡ್ಡ ತಲೆನೋವು. ತೆಗೆದ ತಕ್ಷಣ ಹಳೇ ರಬ್ಬರ್ ರಿಂಗ್ ಫಿಲ್ಟರ್ ಜೊತೇಲೇ ಬಂತಾ ಅಂತ ನೋಡಿ, ಇದು ಎಲ್ಲಕ್ಕಿಂತ ಮುಖ್ಯ. ಅದು ಇಂಜಿನ್ನಿಗೇ ಅಂಟ್ಕೊಂಡಿದ್ದು ಮೇಲೆ ಹೊಸ ರಿಂಗ್ ಕೂತ್ರೆ ಸ್ಟಾರ್ಟ್ ಮಾಡಿದ್ಮೇಲೆ ಪ್ರೆಶರ್‌ಗೆ ಚಿಮ್ಮಿ ಇರೋ ಬರೋ ಆಯಿಲೆಲ್ಲಾ ನೆಲಕ್ಕೆ ಹೋಗುತ್ತೆ. ಕೂರೋ ಜಾಗ ಬಟ್ಟೆಲಿ ಒರೆಸಿ, ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ಫಿಲ್ಟರಿಗೆ ಸ್ವಲ್ಪ ಆಯಿಲ್ ತುಂಬಿಸೋರು ಸುತ್ತ ಇರೋ ಸಣ್ಣ ತೂತಲ್ಲೇ ಹಾಕಿ, ಮಧ್ಯದ ದೊಡ್ಡ ತೂತಲ್ಲಿ ಹಾಕಿದ್ದು ಪೇಪರ್ ದಾಟ್ದೆ ನೇರ ಬೇರಿಂಗಿಗೆ ಹೋಗುತ್ತೆ. ರಬ್ಬರ್ ತಾಗಿದ್ಮೇಲೆ ಮುಕ್ಕಾಲು ಸುತ್ತು, ಕೈಯಲ್ಲೇ, ಪಾನಾ ಬೇಡ. ಹೊಸ ಆಯಿಲ್ ಹಾಕಿ, ಸ್ಟಾರ್ಟ್ ಮಾಡಿ, ರೇಸ್ ಕೊಡ್ದೆ ಐಡ್ಲಲ್ಲಿ ಬಿಟ್ಟು ಸೋರುತ್ತಾ ನೋಡಿ, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಡಿಪ್ ಸ್ಟಿಕ್ ನೋಡಿ, ಫಿಲ್ಟರ್ ಕುಡಿದಷ್ಟು ಲೆವೆಲ್ ಕಮ್ಮಿ ಆಗಿರುತ್ತೆ.

ಹೊಸ ಆಯಿಲ್ ಆಗ್ಲೇ ಕಪ್ಪಾಯ್ತು, ಫಿಲ್ಟರ್ ಕೆಲ್ಸ ಮಾಡ್ತಿಲ್ಲ ಅಂತ ಕೆಲವ್ರು ಬೈತಾರೆ. ಡೀಸೆಲ್ ಮಸಿ ಎಷ್ಟು ಸಣ್ಣ ಅಂದ್ರೆ ಪೇಪರಲ್ಲಿ ನಿಲ್ಲಲ್ಲ, ಆಯಿಲಲ್ಲೇ ತೇಲ್ತಾ ಇರ್ಬೇಕು, ಹಳೇ ಇಂಜಿನ್ನಲ್ಲಿ ಹಾಕಿದ ದಿನಾನೇ ಕಪ್ಪಾಗೋದು ಸಹಜ. ಫಿಲ್ಟರ್ ಹಿಡಿಯೋದು ಅದಕ್ಕಿಂತ ದಪ್ಪ ಇರೋ ಲೋಹದ ಚೂರು, ಧೂಳು, ಗಟ್ಟಿಯಾದ ಕರಿ. ಪೂರ್ತಿ ಕಟ್ಟಿಕೊಂಡ್ರೆ ಬೈಪಾಸ್ ವಾಲ್ವ್ (ಪೇಪರ್ ದಾಟ್ದೆ ಆಯಿಲ್ ಬಿಡೋ ಅಡ್ಡದಾರಿ) ತಾನಾಗೇ ತೆರ್ಕೊಂಡು ಸೋಸ್ದೇ ಇರೋ ಆಯಿಲ್ಲೇ ಒಳಗೆ ಹೋಗೋಕೆ ಶುರುವಾಗುತ್ತೆ, ಹೊರಗಡೆ ನಿಮಗೆ ಏನೂ ಗೊತ್ತಾಗಲ್ಲ, ಲೈಟೂ ಹತ್ತಲ್ಲ. ತೋಟದ ಗಾಡಿಗಳಲ್ಲಿ ಕಿಲೋಮೀಟರ್ ನೋಡಿ ಕೂತ್ರೆ ಆಗಲ್ಲ, ಲೋ ಗೇರಲ್ಲಿ ಗಂಟೆಗಟ್ಲೆ ದುಡಿದ್ರೂ ಮೀಟರ್ ಓಡಿರಲ್ಲ. ಬುಕ್ಕಲ್ಲಿ ಬರೆದಿರೋ ಲೆಕ್ಕಕ್ಕಿಂತ ಮುಂಚೆನೇ ಬದಲಾಯಿಸಿ, ಆಯಿಲ್ ಬದಲಾಯಿಸಿದಾಗೆಲ್ಲಾ ಫಿಲ್ಟರೂ ಬದಲಾಯಿಸಿ.

ರೇಟು ಹೆಚ್ಚೂ ಕಮ್ಮಿ ಒಂದು ಲೀಟರ್ ಒಳ್ಳೇ ಡೀಸೆಲ್ ಇಂಜಿನ್ ಆಯಿಲ್ ದುಡ್ಡು, ಇಷ್ಟು ಕೆಲ್ಸ ಮಾಡೋದಕ್ಕೆ ಅದು ಏನೂ ಅಲ್ಲ. ಡೂಪ್ಲಿಕೇಟ್ ಹಾವಳಿ ಇದೆ, ಕಂಪನಿ ಪಾರ್ಟ್ಸ್ ಕೌಂಟರಲ್ಲೇ ಬಿಲ್ ಹಾಕಿಸಿ ತಗೊಳ್ಳಿ, ಸೀಲ್ ಒಡೆದಿರೋ ಡಬ್ಬಿ ಬೇಡ. ಬೆಂಗಳೂರಿನೋರು ಗಾಡಿ ಪಾರ್ಟ್ಸ್ ಅಂಗಡಿಗಳಿರೋ ಜೆ.ಸಿ. ರೋಡಿಗೆ ಹೋದ್ರೂ ಅಷ್ಟೇ, ಬಿಲ್ ಕೊಡೋ ಅಂಗಡಿಗೇ ಹೋಗಿ. ನನ್ನ ಕಡೆಯಿಂದ 5ಕ್ಕೆ 5. ತೆಗೆದ ಫಿಲ್ಟರ್ ಬಾಯಿ ಕೆಳಗೆ ಮಾಡಿ ಒಂದು ರಾತ್ರಿ ಬಸಿಯೋಕೆ ಇಡಿ, ಆ ಆಯಿಲ್ ಕ್ಯಾನಿಗೆ ತುಂಬಿ ಹಳೇ ಆಯಿಲ್ ತಗೊಳ್ಳೋರಿಗೆ ಕೊಡಿ, ದಯವಿಟ್ಟು ಹಳ್ಳಕ್ಕೆ ಮಾತ್ರ ಚೆಲ್ಲಬೇಡಿ.