ಉಪ್ಪಳದ ಹೋಟೆಲಿನಲ್ಲಿ ರಗ್ಬಿ: ಪರದೆ ದೊಡ್ಡದು, ಧ್ವನಿ ಮಾತ್ರ ಇಲ್ಲ

ಫುಟ್ಬಾಲ್ ವಿಶ್ವಕಪ್ ಬಂತೆಂದರೆ ಕಾಸರಗೋಡಿನ ರಸ್ತೆಬದಿಗಳಲ್ಲೆಲ್ಲ ಅರ್ಜೆಂಟೀನಾ, ಬ್ರೆಜಿಲ್ ಆಟಗಾರರ ಕಟೌಟುಗಳು ಏಳುತ್ತವೆ. ರಗ್ಬಿಗೆ ಆ ಭಾಗ್ಯವಿಲ್ಲ. ಹೀಗಿರುವಾಗ ಉಪ್ಪಳ ಪೇಟೆಯ ಹೋಟೆಲೊಂದರಲ್ಲಿ 2023ರ ರಗ್ಬಿ ವಿಶ್ವಕಪ್ಪಿನ ನ್ಯೂಜಿಲೆಂಡ್-ದಕ್ಷಿಣ ಆಫ್ರಿಕ ಅಂತಿಮ ಪಂದ್ಯವನ್ನು ತೋರಿಸುತ್ತಾರೆಂದು ಕೇಳಿ ನಾವು ನಾಲ್ವರು ಅಲ್ಲಿಗೆ ಹೋದೆವು. ದುಬೈಯಲ್ಲಿ ಕೆಲಸಕ್ಕಿದ್ದಾಗ ಈ ಆಟದ ರುಚಿ ಹತ್ತಿಸಿಕೊಂಡು ಬಂದ ಮಾಲೀಕರ ಮಗನೇ ಈ ಏರ್ಪಾಡು ಮಾಡಿದ್ದ.

ಪ್ಯಾರಿಸ್ಸಿನ ರಾತ್ರಿ ಒಂಬತ್ತೆಂದರೆ ನಮಗೆ ಹನ್ನೆರಡೂವರೆ. ಆ ಹೊತ್ತಿನಲ್ಲಿಯೂ ಪೊರೋಟ ಬಿಸಿಯಾಗಿತ್ತು, ಕೋಳಿ ಗಸಿಗೆ ತೆಂಗಿನಕಾಯಿಯನ್ನು ಹದವಾಗಿ ಹುರಿದು ಹಾಕಿದ್ದರು, ಸುಲೈಮಾನಿಯನ್ನು ಕೇಳಿದಷ್ಟು ಸಲ ತಂದುಕೊಟ್ಟರು. ಗೋಡೆಗೆ ಬಿಗಿದ ಬಿಳಿ ಬಟ್ಟೆಯ ಮೇಲೆ ಚಿತ್ರವೂ ಸ್ಪಷ್ಟವಾಗಿತ್ತು. ಇಷ್ಟಕ್ಕೆ ಪೂರ್ಣ ಅಂಕ ಕೊಡಬಹುದು.

ಆದರೆ ಮಹಡಿಯ ಮನೆಯವರ ನಿದ್ದೆ ಕೆಡುತ್ತದೆಂದು ಧ್ವನಿಯನ್ನು ಪೂರ್ತಿ ನಿಲ್ಲಿಸಿದ್ದರು. ಫುಟ್ಬಾಲಿಗೆ ಇದು ನಡೆದೀತು, ರಗ್ಬಿಗೆ ನಡೆಯದು. ಏಕೆಂದರೆ ಇಲ್ಲಿ ರೆಫ್ರಿಯ ಮೈಕು ಪ್ರಸಾರಕ್ಕೆ ಜೋಡಣೆಯಾಗಿದ್ದು, ಯಾವ ತಪ್ಪಿಗೆ ಯಾವ ಶಿಕ್ಷೆ ಎಂಬುದನ್ನು ಅವರು ಆಟಗಾರರಿಗೆ ಹೇಳುವುದು ನೋಡುಗರಿಗೂ ಕೇಳಿಸುತ್ತದೆ. ಮೊದಲರ್ಧದಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಎದುರಾಳಿಯ ತಲೆಗೆ ಭುಜ ತಾಗಿಸಿ ಹಳದಿ ಕಾರ್ಡು ಪಡೆದು, ನಿಯಮದಂತೆ ಹತ್ತು ನಿಮಿಷದ ಮಟ್ಟಿಗೆ ಹೊರಬಂದರು. ಹತ್ತು ನಿಮಿಷ ಕಳೆದರೂ ಅವರು ಮರಳದಿದ್ದಾಗ ಗಾಯವಾಯಿತೇನೋ ಎಂದು ನಾವು ಲೆಕ್ಕ ಹಾಕುತ್ತಿದ್ದೆವು. ಅಷ್ಟರೊಳಗೆ ಮೈದಾನದ ಹೊರಗಿನ ಅಧಿಕಾರಿ ದೃಶ್ಯವನ್ನು ಮರುಪರಿಶೀಲಿಸಿ ಅದನ್ನು ಕೆಂಪಾಗಿಸಿದ್ದರೆಂಬುದು ನಮಗೆ ತಿಳಿದದ್ದು ಮೊಬೈಲಿನಲ್ಲಿ ಹುಡುಕಿದ ಮೇಲೆ. ಪುರುಷರ ವಿಶ್ವಕಪ್ ಅಂತಿಮ ಪಂದ್ಯವೊಂದರ ಮೊಟ್ಟಮೊದಲ ಕೆಂಪು ಕಾರ್ಡು ನಮ್ಮ ಕಣ್ಣೆದುರೇ ಹಾದುಹೋಗಿ, ನಮಗೆ ಅರ್ಥವಾಗದೆ ಉಳಿದಿತ್ತು!

ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಸಿಗುವ ಐದು ಅಂಕದ ಒಂದು ಟ್ರೈ ಕೂಡ ಗಳಿಸದೆ, ಪೊಲಾರ್ಡ್ ಒದ್ದ ತಲಾ ಮೂರು ಅಂಕದ ನಾಲ್ಕು ಪೆನಾಲ್ಟಿಗಳಿಂದಲೇ ದಕ್ಷಿಣ ಆಫ್ರಿಕ 12-11ರಿಂದ ಗೆದ್ದಿತು. ಫ್ರಾನ್ಸ್ ಮತ್ತು ಇಂಗ್ಲೆಂಡುಗಳನ್ನೂ ಅದು ಒಂದೊಂದೇ ಅಂಕದಿಂದ ದಾಟಿ ಬಂದಿತ್ತು. ಕೊನೆಯ ನಿಮಿಷಗಳಲ್ಲಿ ನ್ಯೂಜಿಲೆಂಡಿನ ಜೋರ್ಡಿ ಬ್ಯಾರೆಟ್ ದೂರದಿಂದ ಒದ್ದ ಚೆಂಡು ಕಂಬದ ಪಕ್ಕಕ್ಕೆ ಸರಿದಾಗ, ಪೊರೋಟ ತಟ್ಟುತ್ತಿದ್ದವನೂ ಕೈ ನಿಲ್ಲಿಸಿ ನೋಡಿದ.

ಮರುವರ್ಷ ಯುರೋಪಿನ ಆರು ತಂಡಗಳ ರಗ್ಬಿ ಟೂರ್ನಿಯಾದ ಸಿಕ್ಸ್ ನೇಷನ್ಸ್‌ನ ಪಂದ್ಯವೊಂದಕ್ಕೆ ಮತ್ತೆ ಅಲ್ಲಿಗೇ ಹೋದೆ. ರಾತ್ರಿ ಏಳೂಮುಕ್ಕಾಲಾದ್ದರಿಂದ ನಿದ್ದೆಯ ನೆಪವಿರಲಿಲ್ಲ, ಆದರೂ ಧ್ವನಿಯ ಬದಲು ಮಾಪಿಳ್ಳೆ ಹಾಡುಗಳನ್ನು ಹಾಕಿದ್ದರು. ಗಲ್ಲಾಪೆಟ್ಟಿಗೆಯ ಬಳಿ ಹಣ ಕೊಡುವಾಗ ರೆಫ್ರಿಯ ಮಾತಿನ ವಿಷಯವನ್ನು ವಿವರಿಸಿ ಹೇಳಿದೆ. ಮಾಲೀಕರು ಪೂರ್ತಿ ಕೇಳಿಸಿಕೊಂಡು, ಮುಂದಿನ ಶನಿವಾರ ನೀವೇ ಒಂದು ಸ್ಪೀಕರ್ ತಂದುಬಿಡಿ, ಚಹಾ ನಮ್ಮ ಲೆಕ್ಕದಲ್ಲಿ ಎಂದರು.