ಟಿವೈಜಿಎಸ್: ಹೊಸ ಬ್ಯಾಕ್ಟೀರಿಯಾ ಪ್ರಭೇದವೇ ಎಂದು ಮೊದಲು ಕೇಳಬೇಕಾದ ಜಾಗ

ಬ್ಯಾಕ್ಟೀರಿಯಾದ ಜೀನೋಮ್ ಅನುಕ್ರಮ ಕೈಗೆ ಬಂದಿದೆ, ಅದು ಹೆಸರಿರುವ ಪ್ರಭೇದವೋ ಹೊಸದೋ ತಿಳಿಯಬೇಕು ಎನ್ನುವವರು ಮೊದಲು ತೆರೆಯಬೇಕಾದ ಜಾಲತಾಣ ಟಿವೈಜಿಎಸ್ (ಟೈಪ್ ಸ್ಟ್ರೇನ್ ಜೀನೋಮ್ ಸರ್ವರ್). ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿರುವ ಸೂಕ್ಷ್ಮಜೀವಿ ಸಂಗ್ರಹಾಲಯ ಡಿಎಸ್‌ಎಂಝಡ್ ಸಂಸ್ಥೆ ಇದನ್ನು ನಡೆಸುತ್ತದೆ. 2019ರಿಂದ ಇರುವ ಈ ಸೇವೆಗೆ ಶುಲ್ಕವಿಲ್ಲ. ಜೀನೋಮ್ ಕಡತ ಏರಿಸಿ ಇಮೇಲ್ ವಿಳಾಸ ಕೊಟ್ಟರೆ, ಕೆಲಸ ಮುಗಿದ ಮೇಲೆ ಫಲಿತಾಂಶದ ಕೊಂಡಿ ಬರುತ್ತದೆ.

ಇದರ ದೊಡ್ಡ ಗುಣವೆಂದರೆ ಹೋಲಿಕೆ ನಡೆಯುವುದು ಟೈಪ್ ತಳಿಗಳ ಜೊತೆ. ಒಂದು ಪ್ರಭೇದದ ಹೆಸರು ಕಟ್ಟಿಕೊಂಡಿರುವುದು ಅದರ ಟೈಪ್ ತಳಿಗೆ, ಬೇರೆ ಯಾವ ತಳಿಗೂ ಅಲ್ಲ. ಸಾರ್ವಜನಿಕ ಭಂಡಾರಗಳಲ್ಲಿ ತಪ್ಪು ಹೆಸರು ಹೊತ್ತ ಜೀನೋಮ್‌ಗಳು ಸಾಕಷ್ಟಿವೆ. ಭಂಡಾರದಲ್ಲಿ ಹೋಲುವ ಅನುಕ್ರಮ ಹುಡುಕುವ ಸಾಮಾನ್ಯ ಬ್ಲಾಸ್ಟ್ ಹುಡುಕಾಟದಲ್ಲಿ ಮೊದಲ ಸಾಲಿಗೆ ಬಂದ ಹೆಸರನ್ನು ನಂಬಿ ಎಡವುವುದು ಅದಕ್ಕೇ. ಹೆಸರುಗಳ ಮಾಹಿತಿ ಬ್ಯಾಕ್ಟೀರಿಯಾ ಹೆಸರುಗಳ ಎಲ್‌ಪಿಎಸ್‌ಎನ್ ಪಟ್ಟಿಯಿಂದ ಬರುವುದರಿಂದ, ಒಂದೇ ಜೀವಿಗೆ ಎರಡು ಹೆಸರಿದ್ದರೂ ಗೊತ್ತಾಗುತ್ತದೆ.

ಒಳಗೆ ಕೆಲಸ ಎರಡು ದಾರಿಯಲ್ಲಿ ಸಾಗುತ್ತದೆ. ಇಡೀ ಜೀನೋಮ್ ಅನ್ನು ಮ್ಯಾಶ್ ಎಂಬ ಸ್ಥೂಲ ಹೋಲಿಕೆಯ ವಿಧಾನದಿಂದ ಥಟ್ಟನೆ ತೂಗಿ ಹತ್ತಿರದ 10 ಟೈಪ್ ತಳಿಗಳನ್ನು ಆರಿಸುವುದು ಒಂದು. ಬ್ಯಾಕ್ಟೀರಿಯಾಗಳ ಗುರುತಿಗೆ ಬಳಸುವ 16ಎಸ್ ಜೀನ್ ಅನ್ನು ಜೀನೋಮ್‌ನಿಂದ ಹೊರತೆಗೆದು, ಅದಕ್ಕೆ ಹೊಂದುವ ತಳಿಗಳಿಂದ ಮತ್ತೆ 10 ಆರಿಸುವುದು ಇನ್ನೊಂದು. ಆಮೇಲೆ ನಿಮ್ಮ ಜೀನೋಮ್ ಮತ್ತು ಟೈಪ್ ತಳಿಯ ಪ್ರತಿ ಜೋಡಿಗೂ ಡಿಜಿಟಲ್ ಡಿಎನ್‌ಎ ಹೈಬ್ರಿಡೈಸೇಶನ್, ಅಂದರೆ ಎರಡು ಡಿಎನ್‌ಎಗಳ ಹೋಲಿಕೆಯ ಅಂದಾಜು, ಶೇಕಡಾದಲ್ಲಿ ಲೆಕ್ಕವಾಗುತ್ತದೆ. ಶೇ. 70ಕ್ಕಿಂತ ಕಡಿಮೆಯಾದರೆ ಬೇರೆ ಪ್ರಭೇದ. ಇದು ಪ್ರಯೋಗಾಲಯದ ಹಳೆಯ ಹೈಬ್ರಿಡೈಸೇಶನ್‌ಗೆ 1987ರಲ್ಲಿ ಗೊತ್ತುಮಾಡಿದ ಗಡಿಯೇ. ಉಪಪ್ರಭೇದಕ್ಕೆ ಶೇ. 79ರ ಗಡಿ ಇದೆ.

ಫಲಿತಾಂಶದ ಕೋಷ್ಟಕದಲ್ಲಿ ಈ ಹೋಲಿಕೆಯನ್ನು ಮೂರು ಸೂತ್ರಗಳಿಂದ ತೋರಿಸುವ ಡಿ0, ಡಿ4, ಡಿ6 ಎಂಬ ಮೂರು ಅಂಕಣಗಳಿರುತ್ತವೆ. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ. ಡಿ0 ಮತ್ತು ಡಿ6 ಜೀನೋಮ್‌ನ ಒಟ್ಟು ಉದ್ದದಿಂದ ಭಾಗಿಸುತ್ತವೆ, ಹಾಗಾಗಿ ತುಂಡುತುಂಡಾದ, ಅರ್ಧಂಬರ್ಧ ಜೋಡಣೆಯಾದ ಜೀನೋಮ್ ಕೊಟ್ಟರೆ ಹಾದಿ ತಪ್ಪುತ್ತವೆ. ಡಿ4 ಮಾತ್ರ ಹೊಂದಿಕೊಂಡ ಭಾಗಗಳೊಳಗೆ ಎಷ್ಟು ಅಕ್ಷರ ಒಂದೇ ಎಂದು ನೋಡುತ್ತದೆ. ಪ್ರಭೇದ ನಿರ್ಧಾರಕ್ಕೆ ಡಿ4 ಬಳಸಿ. ಪಕ್ಕದ ಆವರಣದಲ್ಲಿರುವ ವಿಶ್ವಾಸಾರ್ಹತೆಯ ವ್ಯಾಪ್ತಿಯನ್ನು ಬಿಟ್ಟು ಓದಬೇಡಿ. ಡಿ4 ಶೇ. 69 ಎಂದಿದ್ದು ವ್ಯಾಪ್ತಿ 70ನ್ನು ದಾಟಿದ್ದರೆ ಹೊಸ ಪ್ರಭೇದ ಎಂದು ಘೋಷಿಸುವುದು ಆತುರ. ಆಗ ಎಎನ್‌ಐ (ಎರಡು ಜೀನೋಮ್‌ಗಳ ಡಿಎನ್‌ಎ ಅಕ್ಷರಗಳ ಸರಾಸರಿ ಹೋಲಿಕೆ) ಬೇಕು. ಟಿವೈಜಿಎಸ್ ಅದನ್ನು ಕೊಡುವುದಿಲ್ಲ, ಫಾಸ್ಟ್‌ಎಎನ್‌ಐ ತಂತ್ರಾಂಶದಲ್ಲಿ ಬೇರೆಯಾಗಿ ಲೆಕ್ಕ ಹಾಕಬೇಕು. ಶೇ. 95–96 ಅದರ ಗಡಿ.

ಫಲಿತಾಂಶದ ಗುಣಮಟ್ಟ ನಿಂತಿರುವುದು ನೀವು ಏರಿಸುವ ಕಡತದ ಮೇಲೆ. ಇಲುಮಿನಾ ಯಂತ್ರದ ಚಿಕ್ಕ ಓದುಗಳಾದರೆ ಕನಿಷ್ಠ 50 ಪಟ್ಟು ಕವರೇಜ್ ಇರಲಿ, ಅಂದರೆ ಪ್ರತಿ ಅಕ್ಷರವೂ ಸರಾಸರಿ 50 ಸಲ ಓದಿರಲಿ. ಯಂತ್ರಕ್ಕಾಗಿ ಅಂಟಿಸಿದ ಅಡಾಪ್ಟರ್ ತುಣುಕುಗಳನ್ನು ತೆಗೆದು ಜೋಡಿಸಿ, 500 ಬೇಸ್‌ಗಿಂತ ಚಿಕ್ಕ ಕಾಂಟಿಗ್‌ಗಳನ್ನು (ಜೋಡಿಸಿ ಬಂದ ತುಂಡುಗಳನ್ನು) ಬಿಡಿ, ಜೀನೋಮ್ ಗುಣಮಟ್ಟ ಅಳೆಯುವ ಚೆಕ್‌ಎಂ ಓಡಿಸಿ. ಪೂರ್ಣತೆ ಶೇ. 90ಕ್ಕಿಂತ ಹೆಚ್ಚು, ಕಲಬೆರಕೆ ಶೇ. 5ಕ್ಕಿಂತ ಕಡಿಮೆ ಇಲ್ಲದೆ ಮುಂದೆ ಹೋಗಬೇಡಿ. ಬಾರ್ನ್ಯಾಪ್ ತಂತ್ರಾಂಶದಿಂದ 16ಎಸ್ ತೆಗೆದು, ಅದೇ ಕಾಲೊನಿಯಿಂದ ಸ್ಯಾಂಗರ್ ಎಂಬ ಹಳೆಯ ವಿಧಾನದಲ್ಲಿ ಓದಿಸಿದ 16ಎಸ್ ಜೊತೆ ಇಟ್ಟು ನೋಡಿ. ಎರಡೂ ತಾಳೆಯಾಗದಿದ್ದರೆ ಟ್ಯೂಬ್ ಅದಲುಬದಲಾಗಿದೆ, ಇಲ್ಲವೇ ಕಲ್ಚರ್ ಶುದ್ಧವಿಲ್ಲ. ಈ ಒಂದು ಪರೀಕ್ಷೆ ಬಿಟ್ಟವರ ಹೊಸ ಪ್ರಭೇದಗಳು ಆಮೇಲೆ ಬಿದ್ದುಹೋಗುತ್ತವೆ.

ಕಲಬೆರಕೆ ಕಣ್ತಪ್ಪಿ ಉಳಿದರೂ ಫಲಿತಾಂಶದಲ್ಲಿ ಸುಳಿವು ಸಿಗುತ್ತದೆ. ಹತ್ತಿರದ ತಳಿಗಳ ಪಟ್ಟಿಯಲ್ಲಿ ಸಂಬಂಧವೇ ಇಲ್ಲದ ಎರಡು ಕುಲಗಳು ಬೆರೆತು ಬಂದರೆ ಅನುಮಾನಿಸಿ. ಒಂದೇ ಪ್ರಭೇದದೊಳಗೆ ಜೀನೋಮ್‌ನಿಂದ ಲೆಕ್ಕ ಹಾಕಿದ ಜಿ+ಸಿ (ಡಿಎನ್‌ಎಯಲ್ಲಿ ಜಿ ಮತ್ತು ಸಿ ಅಕ್ಷರಗಳ ಪಾಲು) ವ್ಯತ್ಯಾಸ ಶೇ. 1ನ್ನು ಮೀರುವುದಿಲ್ಲ. ಡಿ4 ಶೇ. 80 ಇದ್ದೂ ಜಿ+ಸಿ ಅಂತರ 2 ಬಂದರೆ ತಪ್ಪಿರುವುದು ನಿಮ್ಮ ಕಡತದಲ್ಲಿ.

‘ಹೊಸ ಪ್ರಭೇದವಿರಬಹುದು’ ಎಂದು ಟಿವೈಜಿಎಸ್ ಹೇಳುವುದು ತನ್ನಲ್ಲಿರುವ ಜೀನೋಮ್‌ಗಳ ಮಟ್ಟಿಗೆ ಮಾತ್ರ. ಜೀನೋಮ್ ಓದಿಸದ ಟೈಪ್ ತಳಿಗಳು ಈ ಹೋಲಿಕೆಗೆ ಸಿಗುವುದೇ ಇಲ್ಲ. ಹಾಗಾಗಿ 16ಎಸ್ ಅನ್ನು ಈಝಡ್‌ಬಯೋಕ್ಲೌಡ್ ಎಂಬ 16ಎಸ್ ಭಂಡಾರದಲ್ಲಿಯೂ ನೋಡಲೇಬೇಕು. ಅಲ್ಲಿ ಶೇ. 98.7ಕ್ಕಿಂತ ಹೆಚ್ಚು ಹೋಲುವ, ಆದರೆ ಜೀನೋಮ್ ಇಲ್ಲದ ಟೈಪ್ ತಳಿ ಕಂಡರೆ, ಅದನ್ನು ಸಂಗ್ರಹಾಲಯದಿಂದ ತರಿಸಿ ಓದಿಸುವ ತನಕ ನಿಮ್ಮ ವಾದ ನಿಲ್ಲುವುದಿಲ್ಲ. ಗಡಿಗಳನ್ನು ಯಾಂತ್ರಿಕವಾಗಿ ಹಚ್ಚಲೂ ಆಗದು: ಜೀನೋಮ್ ಲೆಕ್ಕದಲ್ಲಿ ಶಿಗೆಲ್ಲ ಮತ್ತು ಎಶೆರಿಕಿಯ ಕೋಲೈ ಒಂದೇ ಪ್ರಭೇದ, ವೈದ್ಯಕೀಯ ಕಾರಣಕ್ಕೆ ಹೆಸರು ಬೇರೆಯಾಗಿ ಉಳಿದಿದೆ.

ಕುಲದ ಮಟ್ಟದ ಪ್ರಶ್ನೆಗೆ ಈ ಸೇವೆ ಅರ್ಧ ಉತ್ತರ ಕೊಡುತ್ತದೆ. ತಳಿಗಳ ನೆಂಟಸ್ತಿಕೆ ತೋರಿಸುವ ಮರ ಬಿಡಿಸಿಕೊಡುತ್ತದೆ, ಆದರೆ ಹೊಸ ಕುಲವೇ ಎಂದು ಹೇಳುವ ಅಂಕಿ ಇಲ್ಲ. ಅದಕ್ಕೆ ಎಎಐ (ಪ್ರೋಟೀನ್‌ಗಳ ಸರಾಸರಿ ಹೋಲಿಕೆ) ಲೆಕ್ಕವನ್ನೂ ಎಲ್ಲ ತಳಿಗಳಲ್ಲೂ ಇರುವ ಕೋರ್ ಜೀನ್‌ಗಳ ಮರವನ್ನೂ ಬೇರೆ ಕಡೆ ಮಾಡಬೇಕು. ಕಲ್ಚರ್‌ಗೆ ಸಿಗದ ಜೀವಿಗಳ, ಮಾದರಿಯ ಮಿಶ್ರ ಡಿಎನ್‌ಎಯಿಂದ ಜೋಡಿಸಿದ ಮೆಟಾಜೀನೋಮ್ ಜೋಡಣೆಗಳಿಗೂ ಇದು ಅಷ್ಟಾಗಿ ಹೊಂದುವುದಿಲ್ಲ. ಅವುಗಳಲ್ಲಿ 16ಎಸ್ ಹೆಚ್ಚಾಗಿ ಬಿಟ್ಟುಹೋಗಿರುತ್ತದೆ, ನೆಂಟರೂ ಟೈಪ್ ತಳಿಗಳಾಗಿರುವುದಿಲ್ಲ. ಅಲ್ಲಿ ಜೀನೋಮ್ ಆಧಾರದ ವರ್ಗೀಕರಣ ತಂತ್ರಾಂಶ ಜಿಟಿಡಿಬಿ-ಟಿಕೆ ಮೇಲು. ಒಂದೇ ಎಚ್ಚರಿಕೆ: ಅದು ಕೊಡುವ ಬಾಲದಲ್ಲಿ ‘_ಎ’, ‘_ಬಿ’ ಅಂಟಿದ ಹೆಸರುಗಳು ತಾತ್ಕಾಲಿಕ ಗುರುತುಗಳು, ನಿಯಮಬದ್ಧವಾಗಿ ಪ್ರಕಟವಾದ ಹೆಸರುಗಳಲ್ಲ.

ಹೆಸರಿಡುವ ಕೆಲಸ ಈ ತಾಣದ ಹೊರಗಿನದು. ತಳಿಯನ್ನು ಎರಡು ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಾಲಯಗಳಲ್ಲಿ ಠೇವಣಿ ಇಟ್ಟು ಪ್ರಮಾಣಪತ್ರ ಪಡೆಯಬೇಕು, ಲಕ್ಷಣಗಳನ್ನು ವಿವರಿಸಬೇಕು. ಅದಕ್ಕೆಲ್ಲ ತಿಂಗಳುಗಳು ಹಿಡಿಯುತ್ತವೆ, ಅಷ್ಟರೊಳಗೆ ಭಂಡಾರಕ್ಕೆ ಹೊಸ ಟೈಪ್ ತಳಿಗಳ ಜೀನೋಮ್‌ಗಳು ಸೇರಿರುತ್ತವೆ. ಆದ್ದರಿಂದ ವಿಶ್ಲೇಷಣೆ ಮಾಡಿದ ದಿನಾಂಕವನ್ನು ಡಿ4 ಮತ್ತು ಅದರ ವ್ಯಾಪ್ತಿಯ ಜೊತೆ ಪ್ರಬಂಧದಲ್ಲಿ ಬರೆಯಿರಿ, ಹಸ್ತಪ್ರತಿ ಕಳಿಸುವ ವಾರದಲ್ಲಿ ಅದೇ ಕಡತವನ್ನು ಮತ್ತೊಮ್ಮೆ ಏರಿಸಿ ನೋಡಿ.